ಹೃದಯ ಜ್ಯೋತಿ: ಇಂಜೆಕ್ಷನ್ ನಂತರದ 24 ಗಂಟೆಯ ಲೆಕ್ಕ ಕೊಡಿ

2025ರ ಜುಲೈನಲ್ಲಿ ಹಾಸನದ ಸರಣಿ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಕ್ಯೂ ನಿಂತರು. ಅದೇ ಹೊತ್ತಿಗೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಹೇಳಿದರು. ಒಳ್ಳೆಯ ಯೋಜನೆ, ಅನುಮಾನವಿಲ್ಲ. ತಾಲೂಕಿನಲ್ಲೇ ಇಸಿಜಿ, ದೂರದಿಂದಲೇ ತಜ್ಞರ ಸಲಹೆ, ಹೊರಗೆ ಹತ್ತಾರು ಸಾವಿರ ಬೀಳುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ನನ್ನ ಪ್ರಶ್ನೆ ಇರುವುದು ಆ ಇಂಜೆಕ್ಷನ್ ಆದ ಮೇಲಿನ 24 ಗಂಟೆಗಳ ಬಗ್ಗೆ.

ಇಂಜೆಕ್ಷನ್ ಹೃದಯದ ರಕ್ತನಾಳ ಮುಚ್ಚಿರುವ ಹೆಪ್ಪನ್ನು ಕರಗಿಸುತ್ತೆ. ಆದರೆ ಎಲ್ಲರಲ್ಲೂ ಪೂರ್ತಿ ಕರಗಲ್ಲ. ಉಳಿದ ಹೆಪ್ಪು ಮತ್ತೆ ಬೆಳೆದು ಅದೇ ನಾಳವನ್ನು ಮುಚ್ಚಬಹುದು. ಅದರ ಚೂರುಗಳು ಕೆಳಗಿನ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಆಗ ದೊಡ್ಡ ನಾಳ ತೆರೆದಿದ್ದರೂ ಹೃದಯದ ಸ್ನಾಯುವಿಗೆ ರಕ್ತ ತಲುಪುವುದಿಲ್ಲ. ಕಬಿನಿ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬು ಎತ್ತಿದ ಮಾತ್ರಕ್ಕೆ ಗದ್ದೆಗೆ ನೀರು ಬಂತು ಅಂತಲ್ಲ.

ಹಾಗಾಗಿಯೇ ವೈದ್ಯಕೀಯ ಮಾರ್ಗಸೂಚಿಗಳು 60ರಿಂದ 90 ನಿಮಿಷದೊಳಗೆ ಮತ್ತೊಂದು ಇಸಿಜಿ ಮಾಡಿ ಅನ್ನುತ್ತವೆ. ಮೇಲೆದ್ದ ಗೆರೆ ಅರ್ಧದಷ್ಟಾದರೂ ಇಳಿಯದಿದ್ದರೆ ತಕ್ಷಣ ಆಂಜಿಯೋಪ್ಲಾಸ್ಟಿ. ಇಳಿದಿದ್ದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ. ಕ್ಯಾಥ್‌ಲ್ಯಾಬ್‌ನಲ್ಲೂ ಮಾಂತ್ರಿಕ ಉಪಾಯವೇನಿಲ್ಲ. ಎಲ್ಲರಲ್ಲೂ ಹೆಪ್ಪನ್ನು ಹೀರಿ ತೆಗೆಯುವುದರಿಂದ ಲಾಭವಿಲ್ಲ ಎಂದು 10 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 'ಟೋಟಲ್' ಅಧ್ಯಯನ 2015ರಲ್ಲೇ ತೋರಿಸಿದೆ. ತಡವಾದಷ್ಟೂ ಸ್ನಾಯು ಸಾಯುತ್ತೆ, ಅಷ್ಟೇ.

ಈಗ ನಕ್ಷೆ ನೋಡಿ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ., ಟಿ. ನರಸೀಪುರದಿಂದ 30. ಹತ್ತಿರವೇ. ಆದರೆ ಜಯದೇವ ಇರುವುದು ನಗರದ ಆಚೆ ಬದಿಗೆ, ಕೆಆರ್‌ಎಸ್ ರಸ್ತೆಯಲ್ಲಿ. ಇಂಜೆಕ್ಷನ್ ಆಗಿ ಎದೆನೋವು ಇಳಿದ ಕೂಲಿಕಾರ "ಈಗ ಪರವಾಗಿಲ್ಲ, ನಾಳೆ ನೋಡೋಣ" ಅಂದರೆ ಅವನನ್ನು ಆಂಬುಲೆನ್ಸ್ ಹತ್ತಿಸುವ ಹೊಣೆ ಯಾರದು? ಜೊತೆಗೆ ಹೋಗುವ ಹೆಂಡತಿಯ ಅಂದಿನ ಕೂಲಿ?

ಎಷ್ಟು ಇಂಜೆಕ್ಷನ್ ಕೊಟ್ಟೆವು ಅನ್ನುವ ಅಂಕಿ ಜಾಹೀರಾತಿಗೆ ಚೆಂದ. ನಾವು ಕೇಳಬೇಕಾದ್ದು ತಾಲೂಕುವಾರು ಮೂರು ಅಂಕಿ: 90 ನಿಮಿಷದೊಳಗೆ ಎರಡನೇ ಇಸಿಜಿ ಎಷ್ಟು ಜನರಿಗಾಯ್ತು? 24 ಗಂಟೆಯೊಳಗೆ ಕ್ಯಾಥ್‌ಲ್ಯಾಬ್ ತಲುಪಿದವರೆಷ್ಟು? ತಿಂಗಳ ನಂತರ ಬದುಕಿರುವವರೆಷ್ಟು? ನಿಮ್ಮ ಶಾಸಕರನ್ನು ಕೇಳಿ. ಉತ್ತರ ಬರದಿದ್ದರೆ ಒಂದು ಆರ್‌ಟಿಐ ಅರ್ಜಿಗೆ ಬೇಕಾಗುವುದು ಹತ್ತೇ ರೂಪಾಯಿ.