ಹೊಳೆಯ ಎರಡು ದಡ

ವಿಜಯಪುರ ಜಿಲ್ಲೆಯ ಆಲಮೇಲಕ್ಕೂ ಕಲಬುರಗಿ ಜಿಲ್ಲೆಯ ಅಫಜಲಪುರಕ್ಕೂ ನಡುವೆ ಹರಿಯುವುದು ಭೀಮಾ ನದಿ. ಇಂದು ಎರಡು ದಡಗಳಿಗೂ ಒಂದೇ ಕಾನೂನು. 1948ರವರೆಗೆ ಹಾಗಿರಲಿಲ್ಲ, ಈಚೆಗೆ ಮುಂಬಯಿ ಪ್ರಾಂತದ ಆಳಿಕೆ, ಆಚೆಗೆ ನಿಜಾಮರದು. ಮಗುವಿನ ಗುಪ್ತಾಂಗಕ್ಕೆ ಕತ್ತಿ ತಾಗಿಸುವವರ ವಿಷಯದಲ್ಲಿ ಎರಡು ಸರಕಾರಗಳ ನೋಟವೂ ಬೇರೆಯಾಗಿತ್ತು.

ಈಚೆಯ ದಡದಲ್ಲಿದ್ದುದು 1860ರ ದಂಡಸಂಹಿತೆ. ಅದರ 320ನೆಯ ಕಲಮು ಘೋರ ಗಾಯಗಳನ್ನು ಎಣಿಸುವಾಗ ಪುರುಷತ್ವಹರಣವನ್ನೇ ಮೊದಲು ಹೇಳಿತು. ಕಣ್ಣು ಕಿವಿಗಳ ನಷ್ಟ ಅನಂತರದ್ದು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಕ್ರಮ ಕದಲಿಲ್ಲ. ನಿಜಾಮರ ಸರಕಾರ 1919ರಲ್ಲಿ ಮಾಡಿದ ಕಾನೂನಾದರೋ ಕೃತ್ಯದೊಡನೆ ಒಂದು ಪಂಗಡವನ್ನೇ ಹೆಸರಿಸಿತು. ಹುಡುಗರನ್ನು ಕದ್ದೊಯ್ದು ಅಂಗಚ್ಛೇದ ಮಾಡುವರೆಂಬ ಸಂಶಯಕ್ಕೆ ಗುರಿಯಾದ ಹಿಜಡಾಗಳ ಹೆಸರು, ಠಿಕಾಣಿಗಳನ್ನು ದಫ್ತರದಲ್ಲಿ ಬರೆದಿಡಬೇಕು. ಹಾಗೆ ಹೆಸರು ದಾಖಲಾದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯಬಹುದು. ಈ ಕಾನೂನನ್ನು ತೆಲಂಗಾಣದ ಉಚ್ಚ ನ್ಯಾಯಾಲಯ ರದ್ದುಗೊಳಿಸಿದ್ದು 2023ರ ಜುಲೈಯಲ್ಲಿ!

ನಿಜಾಮರ ಕಾಲದ ಸಂಗತಿಯೆಂದು ಈಚೆಯ ದಡದವರು ನಗುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಲಾಯಿತು. ಅದೇ ಸಂಶಯ, ಅದೇ ದಫ್ತರ! ಪ್ರಕರಣ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2017ರ ಹೊತ್ತಿಗೆ, ಪಂಗಡದ ಹೆಸರನ್ನು ಅಳಿಸಿ 'ವ್ಯಕ್ತಿ' ಎಂದು ಬರೆದರು.

ಇಷ್ಟೆಲ್ಲ ಕಾವಲು ಬೀದಿಯಲ್ಲಿ. ಮನೆಯೊಳಗೆ? ಗಂಡುಮಗುವಿನ ಸುನ್ನತಿ ಧರ್ಮವಿಧಿ. ಅದನ್ನು ನಿಷೇಧಿಸಬೇಕೆಂದು ಕೋರಿದ ಅರ್ಜಿಯನ್ನು ಕೇರಳದ ಉಚ್ಚ ನ್ಯಾಯಾಲಯ 2023ರಲ್ಲಿ ತಳ್ಳಿಹಾಕಿತು. ಹೆಣ್ಣುಮಗುವಿನ ಮಾತು ಬೇರೆ. ದಾವೂದಿ ಬೋಹ್ರಾ ಸಮಾಜದಲ್ಲಿ ಸುಮಾರು ಏಳನೆಯ ವಯಸ್ಸಿಗೆ ಬಾಲಕಿಯ ಅಂಗಕ್ಕೆ ಕತ್ತಿ ತಾಗಿಸುವ 'ಖಫ್ಜ್' ಎಂಬ ಪದ್ಧತಿಯುಂಟು. ಕರೆದೊಯ್ಯುವವಳು ತಾಯಿ, ಇಲ್ಲವೆ ಅಜ್ಜಿ. ಸಂಶಯದ ದಫ್ತರದಲ್ಲಿ ಅಜ್ಜಿಯ ಹೆಸರನ್ನು ಯಾರು ಬರೆದಾರು?

ಇದನ್ನು ತಡೆಯಬೇಕೆಂದು ದಿಲ್ಲಿಯ ವಕೀಲೆ ಸುನೀತಾ ತಿವಾರಿ 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ ಮಹಿಳಾ ಇಲಾಖೆ, ಇಂಥದೊಂದು ನಡೆಯುತ್ತಿರುವುದಕ್ಕೆ ಅಧಿಕೃತ ಅಂಕಿ-ಅಂಶವಿಲ್ಲವೆಂದಿತು. ಬಚ್ಚಿಟ್ಟು ಮಾಡುವುದಕ್ಕೆ ಅಂಕಿ-ಅಂಶ ಎಲ್ಲಿಂದ ಬರಬೇಕು! ಮರುವರ್ಷ ಅಟಾರ್ನಿ ಜನರಲ್ ಕೆ. ಕೆ. ವೇಣುಗೋಪಾಲರು ಅರ್ಜಿಯನ್ನು ಬೆಂಬಲಿಸಿ, ದಂಡಸಂಹಿತೆ ಮತ್ತು 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇದು ಈಗಾಗಲೇ ಅಪರಾಧವೆಂದರು. ಬಾಲಕರ ಸುನ್ನತಿಗೆ ಇಲ್ಲದ ಆಕ್ಷೇಪ ಇದಕ್ಕೇಕೆಂದು ಎದುರುಪಕ್ಷದ ವಾದ. 2018ರ ಸೆಪ್ಟೆಂಬರ್ 24ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರ ಪೀಠ ವಿಷಯವನ್ನು ವಿಸ್ತೃತ ಪೀಠಕ್ಕೊಪ್ಪಿಸಿತು. 2019ರ ನವೆಂಬರಿನಲ್ಲಿ ಶಬರಿಮಲೆಯ ಪ್ರಶ್ನೆಗಳೊಡನೆ ಇದೂ ಹೆಣೆದುಕೊಂಡಿತು.

ಅದಕ್ಕೆ ಒಂದು ತಿಂಗಳು ಮುಂಚೆ, ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯದ ಮುಂದೆ ಅದೇ ಸಮಾಜದ ಇಬ್ಬರು ಬಾಲಕಿಯರ ಪ್ರಕರಣವಿತ್ತು. ಆರೋಪಿಗಳಲ್ಲಿ ಒಬ್ಬಳು ಸೂಲಗಿತ್ತಿ, ಮತ್ತೊಬ್ಬಳು ಹೆತ್ತ ತಾಯಿ. ತಾಗಿದ ಗಾಯ ಎಳ್ಳಷ್ಟೇ ಇದ್ದರೂ ಅದು ಅಂಗಚ್ಛೇದವೇ ಎಂದು ಆ ನ್ಯಾಯಾಲಯ ಹೇಳಿತು.