ಕಿವಿಗೆ ಒಂದೇ, ಕಾಗದದ ಮೇಲೆ ಬೇರೆ

ಇಂಗ್ಲಿಷಿನಲ್ಲಿ ರಜೆಪತ್ರ ಬರೆಯುವ ಹುಡುಗ ‘ನಾನು ವೀಕ್ ಆಗಿದ್ದೇನೆ’ ಎನ್ನಲು ಹೋಗಿ, ‘ಇ-ಎ’ ಬರಬೇಕಾದಲ್ಲಿ ‘ಇ-ಇ’ ಬರೆದರೆ ‘ನಾನು ವಾರ’ ಎಂದಾಗುತ್ತದೆ. ಟೀಚರ್ ಕೆಂಪು ಗೆರೆ ಎಳೆಯುತ್ತಾರೆ. ಅದನ್ನು ನೋಡಿ, ಟಿ.ಸಿ. ತೆಗೆದು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಬಿಡೋಣವೇ ಎಂದು ನಿಮಗೆ ಅನಿಸುತ್ತದೆ. ಮರಿಕಲ್, ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಪಾಲಕರೇ, ಆ ತೀರ್ಮಾನಕ್ಕೆ ಬರುವ ಮುನ್ನ ಒಂದು ಮಾತು.

ಈ ತಪ್ಪಿನ ಬೇರು ಇಂಗ್ಲಿಷಿನಲ್ಲೇ ಇದೆ. ಕನ್ನಡದಲ್ಲಿ ಬಹುಪಾಲು ಉಚ್ಚರಿಸಿದಂತೆಯೇ ಬರೆಯುತ್ತೇವೆ. 2018ರ ಕಾನೂನಿನಿಂದ ತೆಲಂಗಾಣದ ಶಾಲೆಗಳಲ್ಲಿ ಕಡ್ಡಾಯವಾದ ತೆಲುಗೂ ಹಾಗೆಯೇ. ಇವೆರಡರಲ್ಲಿ ಪಳಗಿದ ಮಗು ಇಂಗ್ಲಿಷನ್ನೂ ಕಿವಿಯಿಂದಲೇ ಬರೆಯುತ್ತದೆ. ಅಲ್ಲಿ ಅದು ನಡೆಯದು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಅಲ್ಲಿನ ಕಾಗುಣಿತ ಕ್ರಮೇಣ ಗಟ್ಟಿಯಾಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಮಾಂಸದ ‘ಮೀಟ್’, ಭೇಟಿಯ ‘ಮೀಟ್’ ಒಂದು ಕಾಲಕ್ಕೆ ಬೇರೆ ಬೇರೆಯಾಗಿಯೇ ಕೇಳಿಸುತ್ತಿದ್ದವು. ಸಮುದ್ರದ ‘ಸೀ’, ನೋಡುವ ‘ಸೀ’ ಕೂಡ. ಧ್ವನಿಗಳು ಒಂದಾದವು, ಅಕ್ಷರಗಳು ಹಾಗೆಯೇ ಉಳಿದವು. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಮಕ್ಕಳೂ ‘ಅಲ್ಲಿ’ ಎಂಬ ‘ದೇರ್’, ‘ಅವರ’ ಎಂಬ ‘ದೇರ್’ ಅದಲುಬದಲು ಮಾಡುತ್ತಾರೆ.

ನಾವಾಗಿ ತಂದುಕೊಂಡ ತೊಡಕೂ ಒಂದಿದೆ: ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡ ಅಕ್ಷರ ಬರೆದುಕೊಳ್ಳುವ ಅಭ್ಯಾಸ. ಪಶ್ಚಿಮವೂ ‘ವೆಸ್ಟ್’, ಬನಿಯನ್ನೂ ‘ವೆಸ್ಟ್’! ಇಂಗ್ಲಿಷಿನಲ್ಲಿ ಇವೆರಡರ ಧ್ವನಿಯೇ ಬೇರೆ. ನಮ್ಮ ‘ವ’ ಎರಡನ್ನೂ ನುಂಗಿಬಿಡುತ್ತದೆ. ಓದುವುದು ಸಲೀಸಾಗುತ್ತದೆ ನಿಜ, ಆದರೆ ಮಗುವಿನ ಕಣ್ಣು ಇಂಗ್ಲಿಷ್ ಅಕ್ಷರದ ಮೇಲೆ ನಿಲ್ಲುವುದೇ ಇಲ್ಲ.

ಕನ್ನಡ ಕೆಲಸಕ್ಕೆ ಬರುವುದು ಅರ್ಥದಲ್ಲಿ. ‘ವಾರ’, ‘ನಿತ್ರಾಣ’ ಎಂಬ ಮಾತುಗಳು ಯಾರ ಕಿವಿಗೂ ಒಂದೇ ಥರ ಕೇಳಿಸವು. ನಿಮಗೆ ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ. ರಾತ್ರಿ ಊಟವಾದ ಮೇಲೆ ‘ಮುಂದಿನ ವಾರ ಮಕ್ತಲ್‌ಗೆ ಹೋಗೋಣ’ ಎಂದು ಹೇಳಿ, ಆ ‘ವಾರ’ವನ್ನು ಇಂಗ್ಲಿಷಿನಲ್ಲಿ ಬರೆಸಿ. ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳುತ್ತ ಬರೆಯಲಿ. ಅಕ್ಕನೋ ಅಣ್ಣನೋ ಪುಸ್ತಕ ಹಿಡಿದು ತಾಳೆ ನೋಡಲಿ. ಅದು ಗಟ್ಟಿಯಾದ ಮೇಲೆ, ನಾಲ್ಕು ದಿನ ಬಿಟ್ಟು, ‘ಜ್ವರ ಬಂದು ಅಜ್ಜಿ ನಿತ್ರಾಣವಾಗಿದ್ದಾಳೆ’ ಎನ್ನಿ. ಎರಡನ್ನೂ ಒಂದೇ ದಿನ ಬಾಯಿಪಾಠ ಮಾಡಿಸಬೇಡಿ. ಜೋಡಿಯಾಗಿ ಕಲಿತದ್ದು ಪರೀಕ್ಷೆಯ ಗಾಬರಿಯಲ್ಲಿ ಸುಲಭವಾಗಿ ತಿರುವುಮುರುವಾಗುತ್ತದೆ.

ಶಿಕ್ಷಕರಿಗೂ ಒಂದು ಕೋರಿಕೆ. ಕೆಂಪು ಗೆರೆಯ ಪಕ್ಕದಲ್ಲಿ, ಮಗು ಬರೆದ ಪದದ ಅರ್ಥವೇನು ಎಂದು ಕನ್ನಡದಲ್ಲಿ ಒಂದು ಮಾತು ಬರೆಯಿರಿ. ತಪ್ಪು ಎಲ್ಲಾಯಿತೆಂದು ಮನೆಯವರಿಗೂ ತಿಳಿಯುತ್ತದೆ.