ವಾಂತಿ ಅಂದರೆ ಬರೀ ಅಜೀರ್ಣವಲ್ಲ

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಕಡೆಯ ಮನೆಗಳಲ್ಲಿ ಮಗು ಒಮ್ಮೆ ವಾಂತಿ ಮಾಡಿದರೂ ಎದೆ ಧಸಕ್ಕೆನ್ನುತ್ತಿತ್ತು. ಕಿರ್ಕಟವಾಡಿ, ನಾಂದೇಡ್ ಗಾಂವ್, ಧಾಯರಿ ಭಾಗದಲ್ಲಿ ಗಿಯಾನ್-ಬಾರೆ ಸಿಂಡ್ರೋಮ್ ಹಬ್ಬಿದ್ದ ದಿನಗಳವು. ಹಲವರಿಗೆ ಮೊದಲು ವಾಂತಿ-ಭೇದಿ, ಕೆಲ ದಿನ ಬಿಟ್ಟು ಕಾಲಲ್ಲಿ ಶಕ್ತಿಯೇ ಇಲ್ಲ. ಶಂಕಿತ ಪ್ರಕರಣಗಳು 200 ದಾಟಿದವು. ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಮತ್ತು ನೊರೊವೈರಸ್ ಸಿಕ್ಕವು. ಅನುಮಾನ ನೀರಿನ ಮೇಲೆ ಹೋಯಿತು. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾಪಡೆ ತನ್ನದೇ ನರಗಳ ಮೇಲೆ ತಿರುಗಿಬೀಳುವುದು ಈ ಕಾಯಿಲೆ. ಅಪರೂಪದ್ದು. ಆದರೂ ವಾಂತಿ-ಭೇದಿ ನಿಂತು ಒಂದೆರಡು ವಾರದಲ್ಲಿ ಮಗು ಮೆಟ್ಟಿಲು ಹತ್ತಲು ತಡವರಿಸಿದರೆ ಕಾಯಬೇಡಿ.

ಹುಬ್ಬಳ್ಳಿಯಿಂದ ಅಜ್ಜಿ ಫೋನಿನಲ್ಲಿ "ದೃಷ್ಟಿ ಆಗೇತಿ, ಉಪ್ಪು-ಮೆಣಸಿನಕಾಯಿ ಇಳಿಸವ್ವಾ" ಅನ್ನುತ್ತಾರೆ. ಇಳಿಸಿ, ತಕರಾರಿಲ್ಲ. ಜೊತೆಗೆ ವಾಂತಿಯ ಬಣ್ಣ ನೋಡಿ. ಹಸಿರು ಬಂದರೆ ಕರುಳಲ್ಲಿ ತಡೆ ಇರಬಹುದು, ಅದು ತುರ್ತು. ಎಳೆಗೂಸು ಬಿಟ್ಟು ಬಿಟ್ಟು ಕಾಲು ಮಡಚಿಕೊಂಡು ಚೀರುತ್ತಾ ವಾಂತಿ ಮಾಡಿದರೆ ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರಬಹುದು; ಮಲದಲ್ಲಿ ರಕ್ತ ಕಾಣುವವರೆಗೂ ಕಾಯುವುದು ತಡವಾದೀತು.

ಭೇದಿಯೇ ಇಲ್ಲದ ವಾಂತಿಗೆ ನಾವು ಬೇಗ ಗ್ಯಾಸ್ಟ್ರೋ ಅಂತ ಹೆಸರಿಡುತ್ತೇವೆ. ನನಗೆ ಹೆಚ್ಚು ಭಯ ಅದರದ್ದೇ. ಮೂತ್ರದ ಸೋಂಕು, ಅಪೆಂಡಿಸೈಟಿಸ್, ಮಿದುಳಿನ ಪೊರೆಯ ಸೋಂಕು, ಎಲ್ಲವೂ ವಾಂತಿಯಿಂದಲೇ ಶುರುವಾಗಬಹುದು. ಮಗು ಕೆಲವು ವಾರಗಳಿಂದ ವಿಪರೀತ ನೀರು ಕುಡಿದು, ಪದೇ ಪದೇ ಮೂತ್ರಕ್ಕೆ ಹೋಗಿ, ಸೊರಗಿದ್ದು, ಈಗ ವಾಂತಿ ಮಾಡುತ್ತಾ ದೀರ್ಘವಾಗಿ ಉಸಿರೆಳೆಯುತ್ತಿದ್ದರೆ ಅದು ಟೈಪ್ 1 ಮಧುಮೇಹವೂ ಆಗಿರಬಹುದು. ಸಕ್ಕರೆ ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು.

ಇನ್ನು ಮಾಮೂಲಿ ವೈರಸ್ ವಾಂತಿ. ರೋಟಾವೈರಸ್‌ಗೆ ಲಸಿಕೆ ಇದೆ. ಅದರಲ್ಲೊಂದಾದ ರೋಟಾಸಿಲ್ ತಯಾರಾಗುವುದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲೇ. ಔಷಧ ಅಂದರೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಸುರಿಯಬೇಕು, ಲೋಟಕ್ಕೆ ಚೂರು ಚೂರು ಹಾಕಿದರೆ ಲವಣದ ಲೆಕ್ಕ ತಪ್ಪುತ್ತದೆ. ವಾಂತಿಯಾದ ಮೇಲೆ 10 ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚ. ಬಾಯಾರಿದ ಮಗು ಲೋಟ ಕಸಿದುಕೊಳ್ಳುತ್ತದೆ, ಕೊಟ್ಟರೆ ಅಷ್ಟೂ ಹೊರಗೆ! ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಅಂಥವುಗಳ ಮೇಲೆ ಆ ಹೆಸರು ಬಳಸದಂತೆ ಆದೇಶಿಸಿದೆ. ಆರೇಳು ಗಂಟೆ ಮೂತ್ರವೇ ಆಗದಿದ್ದರೆ, ಮಗು ಮಂಕಾಗಿ ಕಣ್ಣು ಒಳಗಿಳಿದಿದ್ದರೆ, ಚಮಚ ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ.